ಹಳೇ ಪಿಯಾನೊದ ಕೀಗಳು ಲಟಪಟ ಅಲ್ಲಾಡಿದರೆ ಏನು ಮಾಡೋದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹಲವು ಒಂದೇ ವಿಷಯದ ಮೇಲಿದ್ದವು. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮಲ್ಲಿ ನೂರು ವರ್ಷಕ್ಕೂ ಹಳೆಯದಾದ ಅಪ್‌ರೈಟ್ ಪಿಯಾನೊ ಇದೆ. ಶ್ರುತಿ ನಿಲ್ಲುತ್ತದೆ, ನಾದವೂ ಚೆನ್ನಾಗಿದೆ. ಆದರೆ ಕೀಗಳು ಎಡಕ್ಕೂ ಬಲಕ್ಕೂ ಅಲ್ಲಾಡುತ್ತವೆ. ಮೆಲ್ಲಗೆ ನುಡಿಸಿದರೆ ಸ್ವರದ ಜೊತೆ ಟಕ್ ಟಕ್ ಅಂತ ಮರದ ಸದ್ದು ಕೇಳುತ್ತದೆ. ಮುಂದಿನ ಪಿನ್‌ಗಳನ್ನು ಸ್ವಲ್ಪ ತಿರುಗಿಸಿದರೆ ಸಾಕು ಅಂತ ಒಬ್ಬರು ಹೇಳಿದರು, ಬುಶಿಂಗ್ ಬದಲಾಯಿಸಲೇಬೇಕು ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ? ಇದನ್ನು ನಾನೇ ಮಾಡಬಹುದಾ?

ಉತ್ತರ: ಎರಡನೆಯವರ ಮಾತು ಕೇಳಿ. ಪಿನ್ ತಿರುಗಿಸೋದು ಯಾಕೆ ಬೇಡ ಅಂತ ಹೇಳುತ್ತೇನೆ, ಅದಕ್ಕೂ ಮೊದಲು ಒಳಗೆ ಏನಿದೆ ಅಂತ ಗೊತ್ತಾಗಬೇಕು.

ಪಿಯಾನೊದ ಕೀ ಅಂದರೆ ಒಂದು ಉದ್ದನೆಯ ಮರದ ಪಟ್ಟಿ. ಹೊರಗೆ ಕಾಣೋದು ಅದರ ಮುಂದಿನ ತುದಿ ಮಾತ್ರ. ನಡುವೆ ಅದು ಒಂದು ದುಂಡು ಪಿನ್ ಮೇಲೆ ಏತದ ಹಾಗೆ ಕೂತಿರುತ್ತದೆ, ಇದು ಬ್ಯಾಲೆನ್ಸ್ ಪಿನ್. ಮುಂದಿನ ತುದಿಯ ಅಡಿಯಲ್ಲಿ ಇನ್ನೊಂದು ಪಿನ್ ಇದೆ, ಅದು ದುಂಡಗಿರುವುದಿಲ್ಲ, ಅಂಡಾಕಾರ. ಕೀ ಮೇಲೆ ಕೆಳಗೆ ಆಡುವಾಗ ಪಕ್ಕಕ್ಕೆ ವಾಲದ ಹಾಗೆ ಇವೆರಡು ಪಿನ್‌ಗಳು ಹಿಡಿದುಕೊಳ್ಳುತ್ತವೆ. ಪಿನ್ ಕೂರುವ ಸೀಳುತೂತಿನ ಎರಡೂ ಒಳಬದಿಗೆ ತೆಳ್ಳಗಿನ ಉಣ್ಣೆ ಬಟ್ಟೆ ಅಂಟಿಸಿರುತ್ತಾರೆ. ಅದೇ ಬುಶಿಂಗ್. ಕೀಗೆ ಎರಡು ತೂತು, ತೂತಿಗೆ ಎರಡು ತುಂಡು ಬಟ್ಟೆ, ಹಾಗಾಗಿ 88 ಕೀಗೆ ಒಟ್ಟು 352 ತುಂಡು. ಹಳೇ ಪಿಯಾನೊಗಳಲ್ಲಿ ಎಷ್ಟೋ ಸಲ 85 ಕೀ ಮಾತ್ರ ಇರುತ್ತವೆ, ಆಗ 340.

ಮರವೂ ಲೋಹವೂ ನೇರ ಉಜ್ಜದಿರಲಿ ಅಂತಲೇ ಈ ಬಟ್ಟೆ ಇಟ್ಟಿರೋದು. ಸವೆಯಬೇಕಾದ್ದು ಅದೇ, ಮರವೂ ಅಲ್ಲ ಪಿನ್ನೂ ಅಲ್ಲ. ಆದ್ದರಿಂದ ಬಟ್ಟೆ ಸವೆದಿದ್ದರೆ ಪಿಯಾನೊ ಕೆಟ್ಟಿತು ಅಂತ ಬೇಜಾರು ಮಾಡಿಕೊಳ್ಳಬೇಡಿ, ಅದು ತನ್ನ ಕೆಲಸ ಮಾಡಿದೆ. ಒಂದು ಸಣ್ಣ ಪರೀಕ್ಷೆ ಮಾಡಿ. ನಡುವಿನ ಒಂದು ಬಿಳಿ ಕೀಯ ಮುಂದಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಆಡಿಸಿ. ಆಮೇಲೆ ಬಲತುದಿಯ ಕೊನೆಯ ಕೀಯನ್ನು ಹಾಗೇ ಆಡಿಸಿ. ಆ ಕೀಯನ್ನು ಯಾರೂ ಜಾಸ್ತಿ ಮುಟ್ಟಿರುವುದಿಲ್ಲ, ಹುಳ ತಿಂದಿಲ್ಲದಿದ್ದರೆ ಅದರ ಬಟ್ಟೆ ಸುಮಾರಾಗಿ ಹಾಗೇ ಉಳಿದಿರುತ್ತದೆ. ಎರಡರ ನಡುವಿನ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಈಗ ಪಿನ್ ತಿರುಗಿಸುವ ವಿಷಯ. ಮುಂದಿನ ಪಿನ್ ಅಂಡಾಕಾರ ಅಂದೆನಲ್ಲ, ಅದರ ಉದ್ದದ ಬದಿ ಹಿಂದೆ ಮುಂದೆ ಇರಬೇಕು, ಆಗ ಎರಡು ಅಗಲವಾದ ಮೈ ಬಟ್ಟೆಗೆ ತಾಗುತ್ತವೆ. ಅದನ್ನು ಓರೆಯಾಗಿ ತಿರುಗಿಸಿದರೆ ಪಿನ್ ಅಗಲವಾದ ಹಾಗಾಗಿ ಸಡಿಲ ಕಡಿಮೆಯಾಗುತ್ತದೆ ನಿಜ, ಆದರೆ ಬಟ್ಟೆಗೆ ತಾಗೋದು ಈಗ ಪಿನ್ನಿನ ಅಂಚು. ಅಂಚು ಬಟ್ಟೆಯನ್ನು ಕೊರೆಯುತ್ತದೆ. ಸ್ವಲ್ಪ ದಿನಕ್ಕೆ ಮತ್ತೆ ಸಡಿಲ, ಮತ್ತೆ ತಿರುಗಿಸೋದು, ಕೊನೆಗೆ ಮರವೇ ಸವೆಯುತ್ತದೆ. ನಿಮ್ಮ ಪಿಯಾನೊದಲ್ಲಿ ಹಿಂದೆ ಯಾರಾದರೂ ಹೀಗೆ ಮಾಡಿದ್ದರೂ ಮಾಡಿರಬಹುದು. ಕೀಗಳನ್ನು ತೆಗೆದಾಗ ಪಿನ್‌ಗಳ ಸಾಲನ್ನು ಒಂದು ಬದಿಯಿಂದ ನೋಡಿ, ಓರೆಯಾಗಿರುವವು ಕಣ್ಣಿಗೆ ಬೀಳುತ್ತವೆ. ಹೊಸ ಬಟ್ಟೆ ಹಾಕುವ ಮೊದಲು ಅವನ್ನೆಲ್ಲ ನೇರ ಮಾಡಬೇಕು, ಇಲ್ಲದಿದ್ದರೆ ಅಳತೆಯೇ ತಪ್ಪುತ್ತದೆ.

ನೀವೇ ಮಾಡಬಹುದಾ? ಬಟ್ಟೆ ಬದಲಿಸೋದು ಕಷ್ಟದ ಕೆಲಸವಲ್ಲ, ತಾಳ್ಮೆಯ ಕೆಲಸ. ನಿಜವಾಗಿ ಅಪಾಯ ಇರೋದು ಕೀಗಳನ್ನು ಹೊರಗೆ ತೆಗೆಯುವ ಹಂತದಲ್ಲಿ. ಅಪ್‌ರೈಟ್‌ನಲ್ಲಿ ತಂತಿಗೆ ಹೊಡೆಯುವ ಸುತ್ತಿಗೆಗಳು, ನಾದ ನಿಲ್ಲಿಸುವ ಡ್ಯಾಂಪರ್‌ಗಳು ಎಲ್ಲ ಸೇರಿದ ಆಕ್ಷನ್ ಕೀಗಳ ಹಿಂಬದಿಯ ಮೇಲೆ ನಿಂತಿರುತ್ತದೆ, ಹೆಚ್ಚಿನ ಕಡೆ ಅದನ್ನು ಇಡಿಯಾಗಿ ಹೊರಗೆ ಎತ್ತಬೇಕು. ಅದು ಭಾರ, ಇಬ್ಬರು ಬೇಕು, ಪೆಡಲ್ ಕಡ್ಡಿಗಳನ್ನು ಮೊದಲೇ ಬಿಡಿಸಿರಬೇಕು. ಸುತ್ತಿಗೆಗಳ ಮುಂದೆ ಪಂಜರದ ಹಾಗೆ ಸಾಲಾಗಿ ತಂತಿಗಳು ಕಂಡರೆ ಅದು ಡ್ಯಾಂಪರ್ ಮೇಲ್ಗಡೆ ಇರುವ ಹಳೇ ಬಗೆಯ ಆಕ್ಷನ್. ಅದನ್ನು ಎತ್ತಲು ಮಾತ್ರ ಅನುಭವಸ್ಥರನ್ನೇ ಕರೆಸಿ. ಇನ್ನು ಕೆಲವು ಹಳೇ ಪಿಯಾನೊಗಳಲ್ಲಿ ಕೀಯ ಹಿಂತುದಿಗೂ ಆಕ್ಷನ್‌ಗೂ ನಡುವೆ ಕಡ್ಡಿಯೊಂದು ಸೇರಿಕೊಂಡಿರುತ್ತದೆ. ಕೀ ಸಲೀಸಾಗಿ ಬರದಿದ್ದರೆ ಎಳೆಯಬೇಡಿ, ಯಾವುದು ಹಿಡಿದಿದೆ ಅಂತ ನೋಡಿ.

ಕೀ ತೆಗೆಯುವ ಮೊದಲು ನಂಬರ್ ನೋಡಿ. ಸಾಮಾನ್ಯವಾಗಿ ಎಡದಿಂದ ಬಲಕ್ಕೆ 1ರಿಂದ ಶುರುವಾಗಿ ಮರದ ಮೇಲೆ ಒತ್ತಿರುತ್ತಾರೆ. ಅಳಿಸಿದ್ದರೆ ಪೆನ್ಸಿಲ್‌ನಲ್ಲಿ ನೀವೇ ಬರೆಯಿರಿ, ಯಾಕೆಂದರೆ ನೋಡಲು ಒಂದೇ ಥರ ಇರುವ ಎರಡು ಕೀಗಳು ಅದಲುಬದಲಾದರೆ ಸರಿಯಾಗಿ ಕೂರುವುದೇ ಇಲ್ಲ. ಕೀ ಎತ್ತಿದ ಮೇಲೆ ಬ್ಯಾಲೆನ್ಸ್ ಪಿನ್ನಿನ ಬುಡದಲ್ಲಿ ಫೆಲ್ಟ್ ಬಿಲ್ಲೆ, ಅದರಡಿ ತೆಳು ಕಾಗದದ ಬಿಲ್ಲೆಗಳು ಕಾಣುತ್ತವೆ. ಕೀಗಳ ಮೇಲ್ಮೈ ಒಂದೇ ಮಟ್ಟಕ್ಕೆ ಬರಲಿ ಅಂತ ಯಾರೋ ಒಂದೊಂದಾಗಿ ಕೂರಿಸಿರುವ ಕಾಗದ ಅದು. ಯಾವ ಪಿನ್ನಿನದು ಯಾವುದು ಅನ್ನೋದು ಕಲೆಸಿಹೋದರೆ ಮಟ್ಟ ಮಾಡುವ ಕೆಲಸ ಮೊದಲಿಂದ ಶುರು. ತೆಗೆಯಬೇಕಾದರೆ ಒಂದು ತಂತಿಗೆ ಸಾಲಾಗಿ ಪೋಣಿಸಿಡಿ. ಧೂಳು ಹೀರುವ ಯಂತ್ರವನ್ನು ಹತ್ತಿರ ತರುವಾಗಲೂ ಹುಷಾರು, ಕಾಗದ ಒಂದೇ ಕ್ಷಣದಲ್ಲಿ ಒಳಗೆ ಹೋಗುತ್ತದೆ.

ಆಮೇಲೆ ಪಿನ್‌ಗಳು. ತುಕ್ಕು ಹಿಡಿದ ಪಿನ್ ಹೊಸ ಬಟ್ಟೆಯನ್ನು ಅರದ ಕೆಲಸ ಮಾಡಿ ತಿಂದುಹಾಕುತ್ತದೆ. ಅತಿ ನಯವಾದ ಉಕ್ಕಿನ ನಾರಿನಿಂದ ಉಜ್ಜಿ ಹೊಳಪು ಬರಿಸಿ. ತುಕ್ಕು ಆಳಕ್ಕೆ ಇಳಿದು ಗುಳಿ ಬಿದ್ದಿದ್ದರೆ ಆ ಪಿನ್ ಬದಲಿಸೋದೇ ಸರಿ. ಎಣ್ಣೆ, ಗ್ರೀಸ್, ಸ್ಪ್ರೇ ಯಾವುದೂ ಬೇಡ. ಉಣ್ಣೆ ಅದನ್ನು ಹೀರಿ ಊದಿಕೊಳ್ಳುತ್ತದೆ, ಧೂಳನ್ನೂ ಅಂಟಿಸಿಕೊಳ್ಳುತ್ತದೆ. ಜಾರಬೇಕು ಅನ್ನಿಸಿದರೆ ಪಿನ್ನಿಗೆ ಟೆಫ್ಲಾನ್ ಪುಡಿ ತೆಳುವಾಗಿ ಹಚ್ಚಿ, ಅಷ್ಟು ಸಾಕು.

ಪ್ರಶ್ನೆ: ಬುಶಿಂಗ್‌ಗೆ ಎಷ್ಟು ದಪ್ಪದ ಬಟ್ಟೆ ಬೇಕು ಅಂತ ಹೇಗೆ ಗೊತ್ತಾಗೋದು? ಕರಕುಶಲದ ಅಂಗಡಿಯಲ್ಲಿ ಸಿಗೋ ಫೆಲ್ಟ್ ಹಾಕಿದರೆ ಆಗಲ್ವಾ?

ಉತ್ತರ: ಆಗಲ್ಲ. ಕರಕುಶಲದ ಫೆಲ್ಟ್ ಹೆಚ್ಚಾಗಿ ಸಿಂಥೆಟಿಕ್, ಅದೂ ನೆಯ್ದದ್ದಲ್ಲ, ಎಳೆಗಳನ್ನು ಒತ್ತಿ ಮಾಡಿದ್ದು. ಪಿನ್ ಉಜ್ಜುತ್ತಿದ್ದರೆ ಬೇಗ ಚಪ್ಪಟೆಯಾಗಿ ಎಳೆ ಬಿಚ್ಚಿಕೊಳ್ಳುತ್ತದೆ. ಬುಶಿಂಗ್ ಬಟ್ಟೆ ನೆಯ್ದ ಉಣ್ಣೆ, ಒತ್ತಿದರೂ ಮತ್ತೆ ಏಳುವ ಗುಣ ಅದಕ್ಕಿದೆ. ಪಿಯಾನೊ ಸಾಮಾನು ಮಾರುವವರ ಹತ್ತಿರ ಇದು ಬೇರೆ ಬೇರೆ ದಪ್ಪದಲ್ಲಿ ಸಿಗುತ್ತದೆ, ಹೆಚ್ಚುಕಡಿಮೆ 1 ಮಿ.ಮೀ.ನಿಂದ 1.5 ಮಿ.ಮೀ. ತನಕ.

ದಪ್ಪ ಗೊತ್ತುಮಾಡಲು ಹಳೇ ಬಟ್ಟೆಯನ್ನು ಅಳೆಯಬೇಡಿ, ಅದು ಸವೆದಿದೆ. ಬಟ್ಟೆ ತೆಗೆದ ಮೇಲೆ ಬರೀ ತೂತಿನ ಅಗಲ ಅಳೆಯಿರಿ, ಪಿನ್ನಿನ ಅಗಲ ಅಳೆಯಿರಿ, ಮೊದಲನೆಯದರಿಂದ ಎರಡನೆಯದನ್ನು ಕಳೆದು ಅರ್ಧ ಮಾಡಿ. ತೂತು 6 ಮಿ.ಮೀ., ಪಿನ್ 3.7 ಮಿ.ಮೀ. ಇದ್ದರೆ ಒಂದೊಂದು ಬದಿಗೆ 1.15 ಮಿ.ಮೀ. ಜಾಗ. ಬಟ್ಟೆ ಅಂಟಿಸುವಾಗ ಒತ್ತಿಕೊಳ್ಳುತ್ತದೆ, ಹಾಗಾಗಿ ಅದಕ್ಕಿಂತ ಸ್ವಲ್ಪವೇ ದಪ್ಪದ್ದು ತೆಗೆದುಕೊಳ್ಳಿ. ಮುಂದಿನ ತೂತಿಗೂ ಬ್ಯಾಲೆನ್ಸ್ ತೂತಿಗೂ ಒಂದೇ ದಪ್ಪ ಬರುತ್ತದೆ ಅಂತ ಅಂದುಕೊಳ್ಳಬೇಡಿ, ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ. ಒಂದೆರಡು ದಪ್ಪದ ತುಂಡು ತರಿಸಿ, ನಾಲ್ಕೈದು ಕೀಗೆ ಮಾತ್ರ ಹಾಕಿ, ಒಣಗಿಸಿ, ಪಿಯಾನೊದಲ್ಲಿ ಕೂರಿಸಿ ನುಡಿಸಿ ನೋಡಿ. ಅದು ಸರಿ ಅನ್ನಿಸಿದ ಮೇಲೆ ಉಳಿದದ್ದಕ್ಕೆ ಕೈ ಹಾಕಿ. ಈ ಒಂದು ಮಾತನ್ನು ಕೇಳಿದರೆ ಎಷ್ಟೋ ತೊಂದರೆ ತಪ್ಪುತ್ತದೆ.

ಬಟ್ಟೆಯ ಜೊತೆಗೆ ಬೆಣೆಗಳೂ ಬೇಕು. ಅಂಟು ಆರುವ ತನಕ ಎರಡೂ ತುಂಡುಗಳನ್ನು ಗೋಡೆಗೆ ಒತ್ತಿ ಹಿಡಿಯೋದು ಈ ಸಣ್ಣ ಬೆಣೆಗಳೇ. ಮುಂದಿನ ತೂತಿಗೆ ಒಂದು ಬಗೆ, ಬ್ಯಾಲೆನ್ಸ್ ತೂತಿಗೆ ಇನ್ನೊಂದು. ಬೆಣೆಯ ದಪ್ಪ ಪಿನ್ನಿನಷ್ಟೇ ಇರಬೇಕು, ಅಥವಾ ಕೂದಲೆಳೆಯಷ್ಟು ಜಾಸ್ತಿ. ಕೆಲಸದ ಗುಣಮಟ್ಟ ನಿಂತಿರೋದು ಇದರ ಮೇಲೆ. ಬೆಣೆ ಇಲ್ಲದೆ ಬೆರಳಲ್ಲಿ ಒತ್ತಿ ಅಂಟಿಸಿದರೆ ಒಂದು ಕೀ ಬಿಗಿ, ಪಕ್ಕದ್ದು ಸಡಿಲ, ಹೀಗೆ ನೂರೆಂಟು ಬಗೆ ಆಗುತ್ತದೆ.

ಪ್ರಶ್ನೆ: ಮರಕ್ಕೆ ಹಾಕುವ ಬಿಳಿ ಅಂಟಿನಿಂದ ಬುಶಿಂಗ್ ಬಟ್ಟೆ ಅಂಟಿಸಿದೆ. ಮೊದಲು ಚೆನ್ನಾಗಿತ್ತು. ತೇವದ ದಿನ ಬಂದ ಮೇಲೆ ಅರ್ಧಕ್ಕರ್ಧ ಕೀಗಳು ಒತ್ತಿದರೆ ಒತ್ತಿದಲ್ಲೇ ನಿಲ್ಲುತ್ತವೆ. ಎಲ್ಲಾ ತೆಗೆದು ಮತ್ತೆ ಮಾಡಬೇಕಾ?

ಉತ್ತರ: ಎಲ್ಲಾ ತೆಗೆಯಬೇಕಿಲ್ಲ. ತೊಂದರೆ ಎರಡು ಥರದ್ದು ಇರಬಹುದು. ತೇವಕ್ಕೆ ಮರ ಊದುತ್ತದೆ, ತೂತು ಕಿರಿದಾಗುತ್ತದೆ, ಉಣ್ಣೆಯೂ ಊದುತ್ತದೆ. ಹೊಸ ಬಟ್ಟೆಯಲ್ಲಿ ಸಡಿಲವೇ ಇಟ್ಟಿಲ್ಲದಿದ್ದರೆ ಕೀ ಹಿಡಿದುಕೊಳ್ಳೋದು ಸಹಜ. ಇನ್ನೊಂದು, ಅಂಟು ಜಾಸ್ತಿಯಾಗಿ ಬಟ್ಟೆಯ ಈಚೆ ಬದಿಗೂ ಒಸರಿರಬಹುದು. ಕೀ ಮಗುಚಿ ತೂತಿನೊಳಗೆ ನೋಡಿ. ಬಟ್ಟೆ ಮೆತ್ತಗೆ, ರೋಮರೋಮವಾಗಿ ಇದ್ದರೆ ಒಳ್ಳೆಯದು. ಮಿಂಚುತ್ತಾ ಗಟ್ಟಿಯಾಗಿದ್ದರೆ, ಕಡ್ಡಿಯಲ್ಲಿ ತಟ್ಟಿದಾಗ ಚಿಪ್ಪಿನ ಸದ್ದು ಬಂದರೆ, ಆ ತುಂಡನ್ನು ತೆಗೆಯಲೇಬೇಕು.

ಬಟ್ಟೆ ಮೆತ್ತಗಿದ್ದೂ ಬಿಗಿಯಾಗಿರುವ ಕೀಗಳಿಗೆ ಬುಶಿಂಗ್ ಸಡಿಲಿಸುವ ಇಕ್ಕಳ ಬರುತ್ತದೆ. ಅದರ ಒಂದು ದವಡೆ ತೂತಿನೊಳಗೆ ಹೋಗುತ್ತದೆ, ಇನ್ನೊಂದು ಅಗಲವಾದ ದವಡೆ ಕೀಯ ಹೊರಮೈಗೆ ಒರಗುತ್ತದೆ. ಮೆಲ್ಲಗೆ ಒಂದು ಸಲ ಒತ್ತಿ, ಪಿನ್ ಮೇಲೆ ಕೂರಿಸಿ ನೋಡಿ, ಸಾಲದಿದ್ದರೆ ಇನ್ನೊಂದು ಸಲ. ಬಲವಾಗಿ ಒತ್ತಿದರೆ ಹಳೇ ಮರ ಸೀಳುತ್ತದೆ. ಸರಿಯಾಯಿತೋ ಇಲ್ಲವೋ ಅನ್ನೋದಕ್ಕೆ ಪರೀಕ್ಷೆ ಸುಲಭ: ಕೀಯ ಮುಂತುದಿಯನ್ನು ಸ್ವಲ್ಪ ಮೇಲೆತ್ತಿ ಬಿಡಿ, ತನ್ನ ಭಾರಕ್ಕೇ ತಡೆಯಿಲ್ಲದೆ ಕೆಳಗೆ ಬರಬೇಕು. ಪಕ್ಕಕ್ಕೆ ಆಡಿಸಿದರೆ ಇದೆಯೋ ಇಲ್ಲವೋ ಅನ್ನುವಷ್ಟೇ ಆಟ ಇರಬೇಕು. ಆಟವೇ ಇರಬಾರದು ಅಂತ ಹಟ ಮಾಡೋದು ಬೇಡ.

ಬಿಳಿ ಅಂಟಿನ ಬಗ್ಗೆ ನನಗೆ ಖಡಾಖಂಡಿತ ಅಭಿಪ್ರಾಯ ಇದೆ, ಇಲ್ಲಿ ಅದನ್ನು ಹಾಕಬಾರದು. ಸೂಪರ್ ಗ್ಲೂ, ಎಪಾಕ್ಸಿ ಅಂತೂ ಹತ್ತಿರವೂ ತರಬಾರದು. ಇದು ಸವೆಯಲೆಂದೇ ಇರುವ ಬಟ್ಟೆ, ಮುಂದೆ ಇನ್ನೊಬ್ಬರು ಇದನ್ನು ತೆಗೆಯಲೇಬೇಕು. ಅವರು ಮರ ಕೀಳದೆ ತೆಗೆಯುವ ಹಾಗಿರಬೇಕು ಅಲ್ವಾ? ಅದಕ್ಕೆ ಪ್ರಾಣಿಗಳ ಚರ್ಮದಿಂದ ಮಾಡುವ ಬಿಸಿ ಸರೇಸೇ ಸರಿ. ಹರಳನ್ನು ತಣ್ಣೀರಲ್ಲಿ ನೆನೆಹಾಕಿ, ಉಬ್ಬಿದ ಮೇಲೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಸಾಕು, ಕುದಿಸಿದರೆ ಅದರ ಹಿಡಿತ ಹೋಗುತ್ತದೆ. ತೀರಾ ನೀರಾಗಿದ್ದರೆ ಬಟ್ಟೆಯೊಳಗೆ ಇಳಿದು ಅದನ್ನು ಕಲ್ಲು ಮಾಡುತ್ತದೆ, ಆದ್ದರಿಂದ ಸ್ವಲ್ಪ ಗಟ್ಟಿಯಾಗಿಯೇ ಇರಲಿ. ಅಂಟನ್ನು ಬಟ್ಟೆಗೆ ಬಳಿಯಬೇಡಿ, ತೂತಿನ ಗೋಡೆಗೆ ತೆಳುವಾಗಿ ಹಚ್ಚಿ. ಬಟ್ಟೆ ಪಟ್ಟಿಯ ತುದಿಯನ್ನು ಒಂದು ಗೋಡೆಗೆ ಕೂರಿಸಿ ಹೊಸ ಬ್ಲೇಡ್‌ನಿಂದ ಕತ್ತರಿಸಿ, ಇನ್ನೊಂದು ಗೋಡೆಗೂ ಹಾಗೇ ಮಾಡಿ, ತಕ್ಷಣ ಬೆಣೆ ಹಾಕಿ. ಸರೇಸು ಆರುತ್ತಾ ಬೇಗ ಬಿಗಿಯುತ್ತದೆ, ನಿಂತು ಯೋಚಿಸಲು ಸಮಯ ಕೊಡೋದಿಲ್ಲ. ಕೆಲವು ಕೀಗಳಿಗೆ ಹಾಕುವ ಹೊತ್ತಿಗೆ ಮೊದಲಿನವುಗಳ ಬೆಣೆ ತೆಗೆಯಲು ಬಂದಿರುತ್ತದೆ, ಹೀಗೆ ಸರದಿಯಲ್ಲಿ ನಡೆದರೆ ಕೈಗೆ ಒಂದು ಲಯ ಬಂದುಬಿಡುತ್ತದೆ.

ನಿಮ್ಮ ಗಟ್ಟಿಯಾದ ತುಂಡುಗಳನ್ನು ತೆಗೆಯಲು ಬೆಚ್ಚಗಿನ ವಿನಿಗರ್ ಹನಿಸಿ ಕಾಯಿರಿ. ನಿಧಾನವಾಗಿ ಮೆತ್ತಗಾಗುತ್ತದೆ. ಉಳಿ ಹಾಕಿ ಕೆರೆಯಬೇಡಿ.

ಪ್ರಶ್ನೆ: ನಮ್ಮದರಲ್ಲಿ ಬಿಳಿ ಕೀಗಳ ಮೇಲೆ ಆನೆದಂತದ ಹೊದಿಕೆ ಇದೆ ಅಂತ ಹೇಳುತ್ತಾರೆ. ಹಳೇ ಬುಶಿಂಗ್ ತೆಗೆಯಲು ಹಬೆ ಹಿಡಿಯಿರಿ ಅಂತ ಒಂದು ಕಡೆ ಓದಿದೆ. ದಂತಕ್ಕೆ ಏನಾದರೂ ಆಗುತ್ತಾ?

ಉತ್ತರ: ಆಗುತ್ತದೆ. ದಂತದ ತೆಳು ಹಾಳೆಯನ್ನೂ ಹಿಂದೆ ಬುಶಿಂಗ್ ಹಾಗೇ ಸರೇಸಿನ ಬಗೆಯ ಅಂಟಿನಿಂದಲೇ ಕೂರಿಸುತ್ತಿದ್ದರು. ಬುಶಿಂಗ್ ಬಿಡಿಸುವ ಹಬೆ ಅದನ್ನೂ ಬಿಡಿಸುತ್ತದೆ, ದಂತ ಸೊಟ್ಟಗಾಗಲೂಬಹುದು. ಮುಂದಿನ ತೂತು ಇರೋದು ಸರಿಯಾಗಿ ಆ ಹೊದಿಕೆಯ ಕೆಳಗೇ ಅನ್ನೋದು ನೆನಪಿರಲಿ. ಅಲ್ಲಿಗೆ ಹಬೆ ಬೇಡ. ಕೀಯನ್ನು ಮಗುಚಿ ಹಿಡಿದು ತೂತಿನ ಬಟ್ಟೆಗೆ ಮಾತ್ರ ನಾಲ್ಕು ಹನಿ ಬೆಚ್ಚಗಿನ ನೀರು ಬಿಡಿ, ಹತ್ತಿಪ್ಪತ್ತು ನಿಮಿಷ ಬಿಟ್ಟು ಚಿಮಟದಲ್ಲಿ ಒಂದು ಮೂಲೆ ಹಿಡಿದು ಎಳೆಯಿರಿ. ಹಳೇ ಸರೇಸು ಆಗಿದ್ದರೆ ಬಟ್ಟೆ ಇಡಿಯಾಗಿ ಜಾರಿಕೊಂಡು ಬರುತ್ತದೆ. ಬರದಿದ್ದರೆ ಇನ್ನೆರಡು ಹನಿ, ಇನ್ನಷ್ಟು ಹೊತ್ತು. ಗೋಡೆಯಲ್ಲಿ ಉಳಿದ ಅಂಟನ್ನು ಒದ್ದೆ ಬಟ್ಟೆಯ ತುದಿಯಿಂದ ಒರೆಸಿ, ಕನಿಷ್ಠ ಒಂದು ರಾತ್ರಿ ಒಣಗಲು ಬಿಡಿ. ಒದ್ದೆ ಮರ ಊದಿರುತ್ತದೆ, ಆಗ ಅಳತೆ ತೆಗೆದರೆ ತಪ್ಪು ಬರುತ್ತದೆ.

ಅದು ನಿಜವಾಗಿ ದಂತವೇ ಅಂತ ಮೊದಲು ನೋಡಿಕೊಳ್ಳಿ. ದಂತದ ಹೊದಿಕೆ ಸಾಮಾನ್ಯವಾಗಿ ಎರಡು ತುಂಡು, ಮುಂದಿನ ಅಗಲ ಭಾಗಕ್ಕೂ ಕಪ್ಪು ಕೀಗಳ ನಡುವಿನ ಕಿರಿದು ಭಾಗಕ್ಕೂ ಮಧ್ಯೆ ಕೂದಲಿನಷ್ಟು ತೆಳುವಾದ ಸಂದಿ ಕಾಣುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮರದ ಹಾಗೆ ಸಣ್ಣ ಗೆರೆಗಳೂ ಕಾಣುತ್ತವೆ. ಒಂದೇ ತುಂಡಿದ್ದು ಗೆರೆ ಇಲ್ಲದಿದ್ದರೆ, ಅಥವಾ ಗೆರೆಗಳು ಎಲ್ಲ ಕೀಗಳಲ್ಲೂ ಒಂದೇ ಥರ ಇದ್ದರೆ, ಅದು ಸೆಲ್ಯುಲಾಯ್ಡ್ ಅನ್ನೋ ಹಳೇ ಬಗೆಯ ಪ್ಲಾಸ್ಟಿಕ್ ಇರಬಹುದು. ಸೆಲ್ಯುಲಾಯ್ಡ್ ಬೆಂಕಿಗೆ ಪಟ್ಟನೆ ಹತ್ತಿಕೊಳ್ಳುವ ವಸ್ತು. ಬಿಸಿ ಸೂಜಿ ಚುಚ್ಚಿ ಪರೀಕ್ಷೆ ಮಾಡೋದು, ಹೀಟ್ ಗನ್ ಹಿಡಿಯೋದು ಖಂಡಿತ ಬೇಡ. ದಂತವೇ ಆಗಿದ್ದರೆ ಒಂದೊಂದು ಚೂರನ್ನೂ ಜೋಪಾನ ಮಾಡಿ. ಏಷ್ಯಾದ ಆನೆಯ ದಂತಕ್ಕೆ 1975ರಿಂದಲೂ ಆಫ್ರಿಕಾದ ಆನೆಯ ದಂತಕ್ಕೆ 1990ರಿಂದಲೂ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ) ಒಪ್ಪಂದದ ಕಟ್ಟುನಿಟ್ಟು ಇದೆ. ಒಡೆದದ್ದಕ್ಕೆ ಬದಲಿ ತರಿಸೋದು ಸುಲಭವಲ್ಲ.

ಪ್ರಶ್ನೆ: ನಡುವಿನ ಮೂರು ಆಕ್ಟೇವ್ (ಸ್ಥಾಯಿ) ಮಾತ್ರ ಸಡಿಲ ಇದೆ. ಅಷ್ಟಕ್ಕೇ ಬಟ್ಟೆ ಬದಲಿಸಿದರೆ ಸಾಲದಾ?

ಉತ್ತರ: ಕೆಲಸ ನಡೆಯುತ್ತದೆ, ಆದರೆ ನನ್ನ ಸಲಹೆ ಎಲ್ಲವನ್ನೂ ಮಾಡಿ ಅಂತಲೇ. ಹೊಸ ಬಟ್ಟೆಯ ಕೀಗೂ ಹಳೇ ಬಟ್ಟೆಯ ಕೀಗೂ ಬೆರಳಿಗೆ ಸಿಗೋ ಅನುಭವ ಬೇರೆ, ಕೈ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಅದು ತಿಳಿಯುತ್ತದೆ. ಸವೆಯದ ಬಟ್ಟೆಗೂ ವಯಸ್ಸಾಗಿದೆ. ಉಣ್ಣೆ ಆದ್ದರಿಂದ ನುಸಿಹುಳ ತಿಂದಿರುವ ಸಾಧ್ಯತೆಯೂ ಇದೆ, ಹುಳ ನುಡಿಸದ ಕಡೆಯೇ ಜಾಸ್ತಿ ಕೂರುತ್ತದೆ. ಆಕ್ಷನ್ ಹೇಗೂ ಹೊರಗೆ ಬಂದಿರುತ್ತದೆ. ಎರಡನೇ ಸಲ ಅದನ್ನು ಎತ್ತೋದಕ್ಕಿಂತ ಇದೇ ಮೇಲು.

ಪ್ರಶ್ನೆ: ಬುಶಿಂಗ್ ಪೂರ್ತಿ ಹೊಸದು. ಕೀ ಪಕ್ಕಕ್ಕೆ ಅಲ್ಲಾಡಲ್ಲ. ಆದರೂ ಕೆಲವು ಕೀಗಳಲ್ಲಿ ಟಕ್ ಸದ್ದು ಹೋಗಿಲ್ಲ, ಎರಡು ಮೂರು ಕೀಗಳು ಪಕ್ಕದವನ್ನೂ ಎಳೆದುಕೊಂಡು ಹೋಗುತ್ತವೆ. ಇನ್ನೇನು ಉಳಿದಿದೆ?

ಉತ್ತರ: ಆ ಕೀಗಳನ್ನು ತೆಗೆದು ಮಗುಚಿ. ಬ್ಯಾಲೆನ್ಸ್ ಪಿನ್ ಹೋಗುವ ತೂತು ಕೀಯ ಅಡಿಯಲ್ಲಿ ಬರೀ ಮರ, ಅಲ್ಲಿ ಬಟ್ಟೆ ಇಲ್ಲ, ಪಿನ್ ಅಲ್ಲಿ ಮೈಗೆ ಮೈ ತಾಗಿ ಕೂರಬೇಕು. ವರ್ಷಾನುಗಟ್ಟಲೆ ನುಡಿಸಿದಾಗ ಆ ದುಂಡು ತೂತು ಹಿಂದೆ ಮುಂದೆ ಎಳೆದು ಉದ್ದವಾಗುತ್ತದೆ. ಕೀಯನ್ನು ಪಿನ್ ಮೇಲಿಟ್ಟು ಹಿಂದಕ್ಕೂ ಮುಂದಕ್ಕೂ ತಳ್ಳಿ ನೋಡಿ, ಆಟ ಇದ್ದರೆ ಸದ್ದು ಅಲ್ಲಿಂದಲೇ. ಸ್ವಲ್ಪ ಮಾತ್ರ ಇದ್ದರೆ ತೂತಿನ ಒಳಗೋಡೆಗೆ ನೀರಾಗಿಸಿದ ಸರೇಸು ಸವರಿ ಒಣಗಿಸಿದರೆ ಮರ ತುಂಬಿಕೊಳ್ಳುತ್ತದೆ. ತುಂಬಾ ಹಿಗ್ಗಿದ್ದರೆ ಮರದ ತುಂಡು ಕೂರಿಸಿ ಹೊಸದಾಗಿ ಕೊರೆಯಬೇಕು. ಕೂದಲಷ್ಟು ಆಚೀಚೆ ಆದರೂ ಕೀಯ ಜಾಗವೇ ಬದಲಾಗುತ್ತದೆ, ಅದನ್ನು ಬಲ್ಲವರಿಗೆ ಬಿಡಿ. ಕೀಯ ಮೇಲ್ಗಡೆ ಬ್ಯಾಲೆನ್ಸ್ ಬುಶಿಂಗ್ ಹಿಡಿದಿರುವ ಸಣ್ಣ ಮರದ ಬಟನ್ ಬಿರುಕು ಬಿಟ್ಟಿದೆಯಾ, ಅಂಟು ಬಿಟ್ಟಿದೆಯಾ ಅಂತಲೂ ಬೆರಳಲ್ಲಿ ಒತ್ತಿ ನೋಡಿ. ಬಟ್ಟೆ ಎಷ್ಟೇ ಚೆನ್ನಾಗಿ ಹಾಕಿದ್ದರೂ ಬಟನ್ ಅಲ್ಲಾಡಿದರೆ ಸದ್ದು ನಿಲ್ಲೋದಿಲ್ಲ. ಅದೂ ಸರಿಯಿದ್ದರೆ ಕೀಯ ಕೆಳಗಿನ ಫೆಲ್ಟ್ ಬಿಲ್ಲೆ ಕಲ್ಲಾಗಿದೆಯಾ ನೋಡಿ, ಆಮೇಲೆ ಸುತ್ತಿಗೆಯನ್ನು ಪಕ್ಕಕ್ಕೆ ಆಡಿಸಿ. ಸುತ್ತಿಗೆಯೇ ಅಲ್ಲಾಡಿದರೆ ಅದು ಆಕ್ಷನ್ ಒಳಗಿನ ಸಣ್ಣ ಪಿನ್‌ಗಳ ವಿಷಯ, ಕೀಗೆ ಸಂಬಂಧವಿಲ್ಲ.

ಪಕ್ಕದ ಕೀಯನ್ನು ಎಳೆಯುವವಕ್ಕೆ ಕಾರಣ ಬೇರೆ ಇರಬಹುದು. ಕೀಯ ಬದಿಯಲ್ಲಿ ಭಾರಕ್ಕೆ ಅಂತ ಸೀಸದ ಬಿಲ್ಲೆ ಕೂರಿಸಿರುತ್ತಾರೆ. ಹಳೆಯದಾದಾಗ ಅದರ ಮೇಲೆ ಬಿಳೀ ಪುಡಿ ಬಂದು ಸೀಸ ಊದಿಕೊಳ್ಳುತ್ತದೆ, ಬದಿಯಿಂದ ಹೊರಗೆ ಉಬ್ಬಿ ಪಕ್ಕದ ಕೀಗೆ ಉಜ್ಜುತ್ತದೆ, ಕೆಲವೊಮ್ಮೆ ಮರವನ್ನೇ ಸೀಳುತ್ತದೆ. ಆ ಪುಡಿ ವಿಷ. ಉಪ್ಪು ಕಾಗದ ಹಾಕಿ ಉಜ್ಜಬೇಡಿ, ಊದಬೇಡಿ. ಕೈಗವಸು ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಬೇರೆಯಾಗಿ ಕಟ್ಟಿಡಿ. ಉಬ್ಬಿದ ಬಿಲ್ಲೆಯನ್ನು ತೆಗೆಸಿ ಅಷ್ಟೇ ತೂಕದ ಹೊಸದನ್ನು ಹಾಕಿಸಿ.